ಬಿಎಸ್6 ಡೀಸೆಲ್ ಗಾಡಿಯ ಹೊಗೆ, ಡಿಪಿಎಫ್ ಲೈಟು, ಯೂರಿಯಾ ಫಾಲ್ಟು: ಟ್ಯಾಂಕಿಗೆ ಬಾಟ್ಲಿ ಸುರಿಯೋ ಮುಂಚೆ ನೋಡ್ಬೇಕಾದ್ದು

ಹೋದ ಬೇಸಿಗೇಲಿ ಸಂಡೂರು ಕಡೆಯಿಂದ ಒಂದು ಟಿಪ್ಪರ್ ನಮ್ಮ ಗ್ಯಾರೇಜಿಗೆ ಬಂತು, ಬಿಎಸ್6 (ಹೊಗೆ ಮಿತಿಯ ಸರ್ಕಾರಿ ನಿಯಮ) ಗಾಡಿ, ಅದಿರು ಹೊಡೆಯೋದು, ಮೀಟರ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಜರಡಿ) ಲೈಟು ಉರೀತಿದೆ, ಏರು ಬಂದ್ರೆ ಎಳೆಯಲ್ಲ, ಎರಡು ದಿನಕ್ಕೊಂದ್ಸಲ ನಿಲ್ಸಿ ರೀಜನರೇಶನ್ (ಜರಡೀಲಿ ಕೂತ ಮಸೀನ ಬಿಸಿ ಏರಿಸಿ ಸುಡೋದು) ಮಾಡ್ಸು ಅಂತ ಕೇಳತ್ತೆ. ಡ್ರೈವರ್ ಸೀಟಿನ ಹಿಂದಿಂದ ಐದು ಖಾಲಿ ಬಾಟ್ಲಿ ತೆಗೆದು ತೋರ್ಸಿದ, ಎಲ್ಲಾ ಡೀಸೆಲ್‌ಗೆ ಹಾಕೋ ಅಡಿಟಿವ್. "ವಾರಕ್ಕೊಂದು ಹಾಕ್ತಾ ಬಂದಿದೀನಣ್ಣ, ಏನೂ ಕಮ್ಮಿ ಆಗ್ಲಿಲ್ಲ, ಓನರ್ ಈಗ ಸೈಲೆನ್ಸರ್ ಒಳಗಿರೋದೆಲ್ಲಾ ಕಿತ್ತಾಕ್ಸು ಅಂತಿದಾರೆ" ಅಂದ. ಕ್ಯಾಬಿನ್ ಎತ್ತಿ ಟಾರ್ಚ್ ಹಾಕಿ ನೋಡಿದ್ರೆ ಇಂಜಿನ್ ಪೂರ್ತಿ ಕೆಂಪು ಧೂಳು, ಇಂಟರ್‌ಕೂಲರ್‌ನಿಂದ (ಇಂಜಿನ್ನಿಗೆ ಹೋಗೋ ಗಾಳಿ ತಣ್ಣಗೆ ಮಾಡೋದು) ಮೇಲೆ ಬರೋ ಹೋಸ್‌ನ ಜಾಯಿಂಟ್ ಹತ್ರ ಮಾತ್ರ ಅಂಗೈ ಅಗಲ ಜಾಗದಲ್ಲಿ ಧೂಳೇ ಇಲ್ಲ, ಗಾಳಿ ಊದಿ ಊದಿ ಗುಡಿಸಿದ ಹಾಗೆ ಆಗಿದೆ, ಅಂಚಲ್ಲಿ ಸಣ್ಣಗೆ ಆಯಿಲ್ ಜಿಡ್ಡು. ಕ್ಲಿಪ್ ಸಡಿಲ. ಟರ್ಬೋ ತಳ್ಳಿದ ಗಾಳೀಲಿ ಒಂದು ಪಾಲು ಅಲ್ಲೇ ಹೊರಗೆ ಹೋಗ್ತಿತ್ತು, ಡೀಸೆಲ್ ಮಾತ್ರ ಪೂರ್ತಿ ಬೀಳ್ತಿತ್ತು, ಸರಿಯಾಗಿ ಉರೀದೆ ಮಸಿ ಆಗಿ ಡಿಪಿಎಫ್ ತುಂಬ್ತಿತ್ತು. ಐದು ಬಾಟ್ಲಿ ದುಡ್ಡು ಹೋಯ್ತು, ಬೇಕಿದ್ದಿದ್ದು ಒಂದು ಕ್ಲಿಪ್ಪು.

ಇದನ್ನ ಬರೀತಿರೋದು ಅದಕ್ಕೇ. ಕ್ಯಾಟಲಿಸ್ಟ್ (ಹೊಗೆಯ ವಿಷ ಕಮ್ಮಿ ಮಾಡೋ ಲೇಪ ಇರೋ ಡಬ್ಬಿ) ಆಗ್ಲಿ ಡಿಪಿಎಫ್ ಆಗ್ಲಿ ತನ್ನಷ್ಟಕ್ಕೆ ತಾನೇ ಕೆಡೋದು ಬಹಳ ಕಮ್ಮಿ, ಅದರ ಹಿಂದೆ ಇಂಜಿನ್ನಲ್ಲೋ ಡೀಸೆಲ್ಲಲ್ಲೋ ಆಯಿಲ್ಲಲ್ಲೋ ಹೊಗೆ ಶುದ್ಧ ಮಾಡೋಕೆ ಚಿಮುಕಿಸೋ ಯೂರಿಯಾದಲ್ಲೋ ಒಂದು ಕಾರಣ ಇದ್ದೇ ಇರತ್ತೆ, ಆ ಕಾರಣ ಹಿಡೀದೆ ಬಾಟ್ಲಿ ಸುರಿದ್ರೂ ವೇಸ್ಟು, ಹೊಸ ಡಿಪಿಎಫ್ ಹಾಕಿದ್ರೂ ವೇಸ್ಟು.

ಮೊದ್ಲು ಸೈಲೆನ್ಸರ್ ದಾರೀಲಿ ಏನೇನಿದೆ ಅಂತ ಗೊತ್ತಿರ್ಬೇಕು. ದೇಶ ಪೂರ್ತಿ ಬಿಎಸ್6 ಬಂದಿದ್ದು 2020ರ ಏಪ್ರಿಲ್ 1ಕ್ಕೆ, ಅದರ ಜೊತೆ ಡೀಸೆಲ್ಲಲ್ಲಿರೋ ಗಂಧಕ 50 ಪಿಪಿಎಮ್‌ನಿಂದ (ಹತ್ತು ಲಕ್ಷದಲ್ಲಿ 50 ಪಾಲು) 10ಕ್ಕೆ ಇಳೀತು, ಇಳೀಲೇಬೇಕಿತ್ತು, ಯಾಕಂದ್ರೆ ಗಂಧಕ ಜಾಸ್ತಿ ಇದ್ರೆ ಈ ಕ್ಯಾಟಲಿಸ್ಟ್‌ಗಳು ಬಾಳಲ್ಲ. ಇಂಜಿನ್ನಿಂದ ಹೊರಬಿದ್ದ ಹೊಗೆ ಮೊದ್ಲು ಡಿಒಸಿ ಅನ್ನೋ ಕ್ಯಾಟಲಿಸ್ಟ್‌ಗೆ ಹೋಗತ್ತೆ, ಅದರ ಒಳಗೆ ಪ್ಲಾಟಿನಂ ಪಲ್ಲಾಡಿಯಂ ಲೇಪ ಇದೆ, ಉರೀದೆ ಉಳಿದ ಡೀಸೆಲ್ ಆವಿ ಮತ್ತೆ ಕಾರ್ಬನ್ ಮೊನಾಕ್ಸೈಡ್ ಅಲ್ಲಿ ಸುಟ್ಟುಹೋಗತ್ತೆ, ಜೊತೆಗೆ ನೈಟ್ರಿಕ್ ಆಕ್ಸೈಡ್ ಒಂದಷ್ಟು ನೈಟ್ರೋಜನ್ ಡೈಆಕ್ಸೈಡ್ ಆಗತ್ತೆ. ಆಮೇಲೆ ಡಿಪಿಎಫ್, ಅದು ಮಸಿ ಹಿಡಿಯೋ ಜರಡಿ. ಆಮೇಲೆ ಯೂರಿಯಾ ಚಿಮುಕಿಸೋ ಜಾಗ, ಕೊನೇಲಿ ಎಸ್‌ಸಿಆರ್ ಅನ್ನೋ ಇನ್ನೊಂದು ಕ್ಯಾಟಲಿಸ್ಟ್, ಯೂರಿಯಾದಿಂದ ಬಂದ ಅಮೋನಿಯಾ ಅಲ್ಲಿ ನಾಕ್ಸ್ (ನೈಟ್ರೋಜನ್ನಿನ ಆಕ್ಸೈಡುಗಳು) ಜೊತೆ ಸೇರಿ ಬರೀ ನೈಟ್ರೋಜನ್ನು ನೀರು ಆಗಿ ಹೊರಗೆ ಹೋಗತ್ತೆ. ಒಂದಕ್ಕೊಂದು ಅಂಟಿಕೊಂಡಿರೋ ಸರಪಳಿ ಇದು, ಮುಂದಿಂದು ಕೆಟ್ರೆ ಹಿಂದಿಂದು ಅಳತ್ತೆ.

ಬೆರಳು ಹಾಕಿ ನೋಡಿ

ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನಲ್ಲಿರೋ ಫಾಲ್ಟ್ ಕೋಡ್ ಓದೋ ಯಂತ್ರ) ಹಾಕೋಕೂ ಮುಂಚೆ ಒಂದು ಕೆಲ್ಸ ಮಾಡಿ. ಇಂಜಿನ್ ಆಫ್ ಮಾಡಿ, ಪೈಪು ಪೂರ್ತಿ ತಣ್ಣಗಾದ್ಮೇಲೆ, ಸೈಲೆನ್ಸರ್ ಬಾಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒಂದು ಸುತ್ತು ಒರೆಸಿ. ಡಿಪಿಎಫ್ ಸರಿ ಇರೋ ಗಾಡೀಲಿ ಬಟ್ಟೆ ಹೆಚ್ಚಂದ್ರೆ ಬೂದು ಬಣ್ಣಕ್ಕೆ ತಿರುಗತ್ತೆ, ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಗಾಡೀಲೂ ಹಾಗೇ ಇರೋದನ್ನ ನಾನು ನೋಡಿದೀನಿ. ಬಟ್ಟೆ ಕಾಡಿಗೆ ತರ ಕಪ್ಪಾಯ್ತು ಅಂದ್ರೆ ಜರಡಿ ಒಡೆದಿದೆ ಅಥವಾ ಯಾರೋ ಹಿಂದಿನ ಓನರ್ ಕಾಲದಲ್ಲೇ ಒಳಗಿಂದ ಕಿತ್ತಾಕಿದಾರೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳೋರಂತೂ ಇದನ್ನ ಮಾಡದೆ ಅಡ್ವಾನ್ಸ್ ಕೊಡ್ಬೇಡಿ.

ಇದರಲ್ಲೇ ಇನ್ನೊಂದು ವಿಷ್ಯ ಅರ್ಥ ಮಾಡ್ಕೊಬೇಕು. ಹಳೇ ಬಿಎಸ್3, ಬಿಎಸ್4 ಲಾರಿ ಆದ್ರೆ ಇಂಜಿನ್ ಕೆಟ್ಟಿದ್ದು ಹೊಗೇಲೇ ಕಾಣೋದು: ಕಪ್ಪು ಅಂದ್ರೆ ಗಾಳಿ ಕಮ್ಮಿ ಇಲ್ಲ ಡೀಸೆಲ್ ಜಾಸ್ತಿ, ನೀಲಿ ಅಂದ್ರೆ ಆಯಿಲ್ ಸುಡ್ತಿದೆ, ಬಿಳಿ ಅಂದ್ರೆ ಡೀಸೆಲ್ ಉರೀದೆ ಹಾಗೇ ಬರ್ತಿದೆ ಅಥವಾ ಕೂಲೆಂಟ್ ಒಳಗೆ ಸೋರ್ತಿದೆ. ಬಿಎಸ್6ನಲ್ಲಿ ಕಪ್ಪು ಹೊಗೆ ಹೊರಗೆ ಬರೋದೇ ಇಲ್ಲ, ಡಿಪಿಎಫ್ ನುಂಗಿಬಿಡತ್ತೆ. ಹಾಗಾಗಿ ಹೊಗೆ ಬದ್ಲು ರೀಜನರೇಶನ್ ಎಷ್ಟು ಕಿಲೋಮೀಟರ್‌ಗೊಂದ್ಸಲ ಕೇಳ್ತಿದೆ ಅನ್ನೋದನ್ನ ನೋಡಿ. ಮೊದ್ಲಿಗಿಂತ ಅರ್ಧ ದೂರಕ್ಕೇ ಕೇಳೋಕೆ ಶುರು ಮಾಡ್ತು ಅಂದ್ರೆ ಇಂಜಿನ್ ಒಳಗೊಳಗೇ ಕಪ್ಪು ಹೊಗೆ ಉಗುಳ್ತಿದೆ ಅಂತ ಅರ್ಥ. ಡ್ರೈವರ್ ಅಣ್ಣಂದಿರು ಒಂದು ಚೀಟೀಲಿ ತಾರೀಕು ಕಿಲೋಮೀಟರ್ ಬರೆದಿಟ್ರೆ ನಮಗೆ ಅರ್ಧ ಕೆಲ್ಸ ಮುಗಿದ ಹಾಗೆ.

ಮಸಿ ಜಾಸ್ತಿ ಬರ್ತಿದ್ರೆ

ಗಾಳಿ ಕಡೆಯಿಂದ ಶುರು ಮಾಡಿ, ಯಾವಾಗ್ಲೂ. ಏರ್ ಫಿಲ್ಟರ್ ತೆಗೆದು ನೋಡಿ, ಬಳ್ಳಾರಿ ಹೊಸಪೇಟೆ ಸಂಡೂರು ಕಡೆ ಓಡೋ ಗಾಡಿಗೆ ಕಂಪನಿ ಪುಸ್ತಕದಲ್ಲಿ ಬರೆದಿರೋ ಕಿಲೋಮೀಟರ್ ಲೆಕ್ಕ ನಡೆಯಲ್ಲ, ಆ ಕೆಂಪು ಧೂಳು ಮೈದಾ ಹಿಟ್ಟಿನ ಹಾಗೆ ಕೂರತ್ತೆ. ಏರ್ ಹೊಡೆದು ಹೊಡೆದು ಅದನ್ನೇ ಮತ್ತೆ ಹಾಕ್ಬೇಡಿ, ಪೇಪರ್ ಹರಿದು ಧೂಳು ನೇರ ಟರ್ಬೋಗೆ ಹೋಗತ್ತೆ. ಆಮೇಲೆ ಟರ್ಬೋದಿಂದ ಇಂಟರ್‌ಕೂಲರ್, ಅಲ್ಲಿಂದ ಮ್ಯಾನಿಫೋಲ್ಡ್ ತನಕ ಪ್ರತೀ ಜಾಯಿಂಟ್‌ಗೆ ಸೋಪ್ ನೀರು ಹಚ್ಚಿ, ಒಬ್ಬರು ರೇಸ್ ಕೊಡ್ಲಿ ಒಬ್ಬರು ಗುಳ್ಳೆ ನೋಡ್ಲಿ. ಸಣ್ಣ ಲೀಕ್ ನಿಂತಲ್ಲಿ ರೇಸ್ ಕೊಟ್ರೆ ಗೊತ್ತಾಗಲ್ಲ, ಲೋಡಲ್ಲಿ ಮಾತ್ರ ತೆರೆದುಕೊಳ್ಳತ್ತೆ, ಅನುಮಾನ ಇದ್ರೆ ಪೈಪಿನ ಎರಡೂ ಬಾಯಿ ಮುಚ್ಚಿ ಕಮ್ಮಿ ಪ್ರೆಶರ್‌ನಲ್ಲಿ ಹೊರಗಿಂದ ಗಾಳಿ ಕೊಟ್ಟು ನೋಡಿ. ಪಿ0299 ಅನ್ನೋ ಕೋಡ್ ಬಂದಿದ್ರೆ ಅದು ಬೂಸ್ಟ್ (ಟರ್ಬೋ ತಳ್ಳೋ ಗಾಳಿಯ ಒತ್ತಡ) ಸಾಲ್ತಿಲ್ಲ ಅಂತ ಹೇಳ್ತಿದೆ, ಅದು ಇರೋವಾಗ ಡಿಪಿಎಫ್ ಕೋಡ್ ಹಿಂದೆ ಬೀಳ್ಬೇಡಿ, ಮೊದ್ಲು ಇದನ್ನ ಮುಗಿಸಿ.

ಗಾಳಿ ಸರಿ ಇದೆ ಅಂದ್ರೆ ಇಜಿಆರ್ ವಾಲ್ವ್ (ಸ್ವಲ್ಪ ಹೊಗೇನ ವಾಪಸ್ ಇಂಜಿನ್ನಿಗೆ ಬಿಡೋದು) ಅರ್ಧ ತೆರೆದು ಅಂಟಿಕೊಂಡಿದ್ಯಾ ನೋಡಿ, ಅಂಟಿಕೊಂಡಿದ್ರೆ ಹೊಗೇನೇ ವಾಪಸ್ ಒಳಗೆ ಹೋಗಿ ಒಳ್ಳೇ ಗಾಳಿಗೆ ಜಾಗ ಇರಲ್ಲ. ಆಮೇಲೆ ಇಂಜೆಕ್ಟರ್, ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸೋದು. ಎಲ್ಲಾ ಇಂಜೆಕ್ಟರ್‌ನ ರಿಟರ್ನ್ ಪೈಪ್ ಬಿಚ್ಚಿ ಒಂದೊಂದಕ್ಕೂ ಒಂದೊಂದು ಸಣ್ಣ ಬಾಟ್ಲಿ ಕಟ್ಟಿ ಎರಡು ನಿಮಿಷ ಐಡ್ಲಿಂಗ್ ಬಿಡಿ, ನಾಲ್ಕರಲ್ಲಿ ಮೂರು ಒಂದೇ ಮಟ್ಟ ಇದ್ದು ಒಂದು ಮಾತ್ರ ಡಬಲ್ ತುಂಬಿದ್ರೆ ಅದು ಒಳಗೆ ಸವೆದಿದೆ. ಇದು ಯಾವ ಕೆಮಿಕಲ್ಲಿಂದಲೂ ಸರಿ ಹೋಗಲ್ಲ. ಕಾಮನ್ ರೈಲ್‌ನಲ್ಲಿ (ಎಲ್ಲಾ ಇಂಜೆಕ್ಟರ್‌ಗೂ ಡೀಸೆಲ್ ಕೊಡೋ ಒಂದೇ ಪೈಪು) ಪ್ರೆಶರ್ 1600ರಿಂದ 2000 ಬಾರ್ ತನಕ ಹೋಗತ್ತೆ, ಇಂಜಿನ್ ಓಡ್ತಿರೋವಾಗ ಹೈ ಪ್ರೆಶರ್ ಪೈಪಿನ ನಟ್ ಸಡಿಲ ಮಾಡೋ ಹಳೇ ಅಭ್ಯಾಸ ದಯವಿಟ್ಟು ಬಿಟ್ಬಿಡಿ, ಆ ಚಿಲುಮೆ ಚರ್ಮ ತೂರಿ ಒಳಗೆ ಹೋಗತ್ತೆ, ಕೈ ಕಳಕೊಳ್ಳೋ ವಿಷ್ಯ ಅದು.

ಡಿಪಿಎಫ್ ಲೈಟು

ಪಿ2463 ಅಂದ್ರೆ ಮಸಿ ತುಂಬಿದೆ ಅಂತ ಕಂಪ್ಯೂಟರ್ ಅಂದ್ಕೊಂಡಿದೆ, ನಿಜವಾಗ್ಲೂ ತುಂಬಿದ್ಯಾ ಅನ್ನೋದನ್ನ ನಾವು ನೋಡ್ಬೇಕು. ಡಿಪಿಎಫ್‌ನ ಹಿಂದೆ ಮುಂದೆ ಇರೋ ಒತ್ತಡದ ವ್ಯತ್ಯಾಸ ಅಳೆಯೋ ಸೆನ್ಸಾರ್‌ಗೆ ಎರಡು ಸಣ್ಣ ಪೈಪ್ ಬರತ್ತೆ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ದೆ, ಸ್ಕ್ಯಾನರ್‌ನಲ್ಲಿ ಆ ರೀಡಿಂಗ್ ನೋಡಿ, ಇಂಜಿನ್ ನಿಂತಿದೆ ಅಂದ್ಮೇಲೆ ಅದು ಸೊನ್ನೆ ಹತ್ರ ಇರ್ಲೇಬೇಕು, ಇಲ್ಲಾಂದ್ರೆ ಸೆನ್ಸಾರೇ ಸುಳ್ಳು ಹೇಳ್ತಿದೆ. ಸೊನ್ನೆ ಸರಿ ಇದ್ರೆ ಆ ಎರಡು ಪೈಪ್ ಬಿಚ್ಚಿ ಊದಿ ನೋಡಿ, ಮಸಿ ಮತ್ತೆ ನೀರು ಸೇರಿ ಕಟ್ಟಿರತ್ತೆ, ಅಥವಾ ಶಾಖಕ್ಕೆ ರಬ್ಬರ್ ಕರಗಿ ತೂತಾಗಿರತ್ತೆ. ಇನ್ನೂರು ರೂಪಾಯಿ ಒಳಗಿನ ಪೈಪಿಗೋಸ್ಕರ ಲಕ್ಷ ರೂಪಾಯಿ ಡಿಪಿಎಫ್ ಎಸ್ಟಿಮೇಟ್ ಹಾಕಿದ್ದನ್ನ ಕಣ್ಣಾರೆ ಕಂಡಿದೀನಿ.

ನಿಜವಾಗ್ಲೂ ತುಂಬಿದ್ರೆ ಗಾಡಿ ಎಲ್ಲಿ ಓಡ್ತಿದೆ ಅಂತ ಕೇಳಿ. ಮಸಿ ತಾನಾಗೇ ಉರೀಬೇಕು ಅಂದ್ರೆ ಸುಮಾರು 600 ಡಿಗ್ರಿ ಬೇಕು. ಹೈವೇಲಿ ಲೋಡ್ ಎಳೀತಾ ಹೋಗೋವಾಗ ಡಿಒಸಿಯಿಂದ ಬಂದ ನೈಟ್ರೋಜನ್ ಡೈಆಕ್ಸೈಡು 250ರಿಂದ 400 ಡಿಗ್ರಿಯಲ್ಲೇ ಮಸೀನ ನಿಧಾನಕ್ಕೆ ತಿನ್ತಾ ಇರತ್ತೆ, ಡ್ರೈವರ್‌ಗೆ ಗೊತ್ತೂ ಆಗಲ್ಲ. ಆದ್ರೆ ಸ್ಕೂಲ್ ಬಸ್ ನೋಡಿ, ಬೆಳಿಗ್ಗೆ ಎಂಟು ಕಿಲೋಮೀಟರ್, ಸಂಜೆ ಎಂಟು ಕಿಲೋಮೀಟರ್, ಮನೆ ಮನೆ ಮುಂದೆ ನಿಲ್ಲೋದು, ಮಕ್ಕಳು ಹತ್ತೋ ತನಕ ಐಡ್ಲಿಂಗ್. ಸೈಲೆನ್ಸರ್ ಬಿಸಿಯೇ ಆಗಲ್ಲ. ಕಂಪ್ಯೂಟರ್ ರೀಜನರೇಶನ್ ಶುರು ಮಾಡತ್ತೆ, ಅಷ್ಟರಲ್ಲಿ ಸ್ಕೂಲ್ ಬಂತು ಅಂತ ಆಫ್ ಮಾಡ್ತಾರೆ. ಇದಕ್ಕೆ ಔಷಧಿ ಬಾಟ್ಲಿ ಅಲ್ಲ, ವಾರಕ್ಕೊಂದ್ಸಲ ಅರ್ಧ ಗಂಟೆ ಮುಕ್ಕಾಲು ಗಂಟೆ ಹೈವೇಲಿ ಒಂದೇ ಸ್ಪೀಡಲ್ಲಿ, ಟಾಪ್‌ಗಿಂತ ಒಂದು ಗೇರ್ ಕಮ್ಮೀಲಿ ಓಡಿಸ್ಕೊಂಡು ಬರೋದು.

ಇನ್ನೊಂದು ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ. ಪಿಕಪ್, ಎಸ್‌ಯುವಿ ತರದ ಗಾಡಿಗಳಲ್ಲಿ ರೀಜನರೇಶನ್‌ಗೆ ಬೇಕಾದ ಡೀಸೆಲ್ ಸಿಲಿಂಡರ್ ಒಳಗೇ ಕೊನೇಲಿ ಸ್ವಲ್ಪ ಜಾಸ್ತಿ ಬೀಳತ್ತೆ, ಪದೇ ಪದೇ ಅರ್ಧಕ್ಕೆ ನಿಲ್ಸಿದ್ರೆ ಅದು ಲೈನರ್ ಗೋಡೆ ಹಿಡ್ಕೊಂಡು ಕೆಳಗಿಳಿದು ಆಯಿಲ್‌ಗೆ ಸೇರತ್ತೆ. ಗೇಜ್ ಕಡ್ಡಿ ತೆಗೆದಾಗ ಆಯಿಲ್ ಲೆವೆಲ್ ಕಮ್ಮಿ ಆಗೋ ಬದ್ಲು ಜಾಸ್ತಿ ಆಗಿದ್ರೆ, ಮೂಸಿದ್ರೆ ಡೀಸೆಲ್ ವಾಸನೆ ಬಂದ್ರೆ, "ಪರವಾಗಿಲ್ಲ ಆಯಿಲ್ ಚೆನ್ನಾಗಿದೆ" ಅಂತ ಖುಷಿ ಪಡ್ಬೇಡಿ, ತಕ್ಷಣ ಬದಲಾಯಿಸಿ, ಬೇರಿಂಗ್ ಹೋಗತ್ತೆ. ಬದಲಾಯಿಸೋವಾಗ ಬೂದಿ ಕಮ್ಮಿ ಇರೋ ಆಯಿಲ್ಲೇ ಹಾಕಿ, ಲಾರಿಗಾದ್ರೆ ಸಿಕೆ-4 ಗ್ರೇಡು, ಸಣ್ಣ ಗಾಡಿಗಾದ್ರೆ ಕಂಪನಿ ಸಿ3 ಅಂತ ಹೇಳಿದ್ರೆ ಸಿ3ನೇ. ಮಸಿ ಸುಟ್ರೆ ಹೋಗತ್ತೆ, ಆದ್ರೆ ಆಯಿಲ್‌ನಲ್ಲಿರೋ ಕ್ಯಾಲ್ಸಿಯಂ, ಸತು ಉರಿದು ಬೂದಿ ಆದ್ರೆ ಅದು ಯಾವ ರೀಜನರೇಶನ್‌ಗೂ ಹೋಗಲ್ಲ, ಡಿಪಿಎಫ್ ಬಿಚ್ಚಿ ಮಷೀನಲ್ಲಿ ಹಿಂದಿನಿಂದ ಗಾಳಿ ಊದಿಸಿ ತೆಗೀಬೇಕು. ಆಸಿಡ್ ಹಾಕಿ ಪ್ರೆಶರ್ ವಾಷರ್‌ನಲ್ಲಿ ತೊಳೆಯೋರ ಹತ್ರ ಕೊಡ್ಬೇಡಿ, ಕ್ಯಾಟಲಿಸ್ಟ್ ಲೇಪ ಚರಂಡಿಗೆ ಹೋಗತ್ತೆ.

ನಿಲ್ಸಿ ರೀಜನರೇಶನ್ ಮಾಡ್ಸೋವಾಗ ಬಯಲಲ್ಲಿ ಮಾಡ್ಸಿ, ಶೆಡ್ ಒಳಗೆ ಬೇಡ. ಸೈಲೆನ್ಸರ್ ಒಳಗೆ 550-600 ಡಿಗ್ರಿ ಇರತ್ತೆ, ಕೆಳಗೆ ಒಣ ಹುಲ್ಲು ಇರ್ಬಾರ್ದು. ಸುಗ್ಗಿ ಟೈಮಲ್ಲಿ ನಮ್ಮ ಕಡೆ ರೋಡ್ ಮೇಲೆ ಹುರುಳಿ, ರಾಗಿ ಹಾಸಿರ್ತಾರಲ್ಲ, ಅದು ಗಾಡಿ ಅಡಿಗೆ ಸುತ್ಕೊಂಡ್ರೆ ನಿಲ್ಸಿ ಎಳೆದು ತೆಗೆದೇ ಮುಂದೆ ಹೋಗಿ. ಮಸಿ ಲೆಕ್ಕ ಮಿತಿ ಮೀರಿದೆ ಅಂತ ಸ್ಕ್ಯಾನರ್ ರೀಜನರೇಶನ್‌ಗೆ ಒಪ್ತಿಲ್ಲ ಅಂದ್ರೆ ಅದನ್ನ ಏಮಾರಿಸೋ ದಾರಿ ಹುಡುಕ್ಬೇಡಿ, ಅಷ್ಟೊಂದು ಮಸಿ ಒಟ್ಟಿಗೆ ಹತ್ಕೊಂಡ್ರೆ ಒಳಗಿನ ಸೆರಾಮಿಕ್ಕೇ ಕರಗತ್ತೆ.

ಈಗ ಬಾಟ್ಲಿ ವಿಷ್ಯ

ಎಲ್ಲಾ ಅಡಿಟಿವ್ ಮೋಸ ಅಂತ ನಾನು ಹೇಳ್ತಿಲ್ಲ, ಯಾವುದು ಯಾವ ಕೆಲ್ಸಕ್ಕೆ ಅಂತ ಗೊತ್ತಿಲ್ದೆ ಹಾಕೋದು ತಪ್ಪು. ಸೀಟೇನ್ (ಡೀಸೆಲ್ ಎಷ್ಟು ಬೇಗ ಹತ್ಕೊಳ್ಳತ್ತೆ ಅನ್ನೋ ಅಳತೆ) ಹೆಚ್ಚಿಸೋದು ಅಂತ ಬರೋದರಲ್ಲಿ ಸಾಮಾನ್ಯವಾಗಿ 2-ಈಥೈಲ್‌ಹೆಕ್ಸೈಲ್ ನೈಟ್ರೇಟ್ ಇರತ್ತೆ, ಡೀಸೆಲ್ ಬೇಗ ಹತ್ಕೊಳ್ಳತ್ತೆ, ಬೆಳಿಗ್ಗೆ ಚಳೀಲಿ ಸ್ಟಾರ್ಟ್ ಮಾಡಿದಾಗ ಬರೋ ಬಿಳಿ ಹೊಗೆ, ಕಟಕಟ ಶಬ್ದ ಕಮ್ಮಿ ಆಗತ್ತೆ. ಆದ್ರೆ ಬಂಕಲ್ಲಿ ಸಿಗೋ ಡೀಸೆಲ್‌ಗೆ ಕನಿಷ್ಠ 51 ಸೀಟೇನ್ ಇರ್ಲೇಬೇಕು ಅನ್ನೋ ನಿಯಮ ಇದೆ, ಆಮೇಲೂ ಬಿಳಿ ಹೊಗೆ ಅಂದ್ರೆ ಒಂದೋ ಡೀಸೆಲ್ ಕಲಬೆರಕೆ ಇಲ್ಲ ಕಂಪ್ರೆಶನ್ ಕಮ್ಮಿ. ಡಿಟರ್ಜೆಂಟ್ ಇರೋ ಇಂಜೆಕ್ಟರ್ ಕ್ಲೀನರ್ ನಾಝಲ್ ತುದೀಲಿ ಕಟ್ಟಿರೋ ಕರಿಗೆ ಕೆಲ್ಸ ಮಾಡತ್ತೆ, ಎರಡು ಮೂರು ಟ್ಯಾಂಕ್ ಓಡ್ಬೇಕು, ಸವೆದ ನಾಝಲ್‌ಗೆ ಏನೂ ಮಾಡಲ್ಲ. ಜಾರಿಕೆಗೆ ಅಂತ ಮಾರೋದನ್ನ ನಮ್ಮ ಡ್ರೈವರ್‌ಗಳು ಬಹಳ ನಂಬ್ತಾರೆ, ಗಂಧಕ ತೆಗೆದಾಗ ಡೀಸೆಲ್ ಒಣಗತ್ತೆ ಅನ್ನೋ ಮಾತು ನಿಜಾನೇ, ಆದ್ರೆ ಅದಕ್ಕೆ ಬೇಕಾದ ಅಡಿಟಿವ್ ಆಯಿಲ್ ಕಂಪನಿಯವರೇ ಸೇರಿಸಿ ಕಳಿಸ್ತಾರೆ. ಟೂ ಟಿ ಆಯಿಲ್ ಬೆರೆಸೋದಂತೂ ಬೇಡವೇ ಬೇಡ, ಅದರ ಬೂದಿ ಹೋಗಿ ಕೂರೋದು ಡಿಪಿಎಫ್‌ನಲ್ಲೇ.

ಲೋಹ ಇರೋ ಅಡಿಟಿವ್‌ದು ಬೇರೆ ಕಥೆ. ಸೀರಿಯಂ ಅಥವಾ ಕಬ್ಬಿಣದ ಸಂಯುಕ್ತ ಡೀಸೆಲ್ ಜೊತೆ ಸೇರಿ ಮಸಿ ಕಣದ ಒಳಗೇ ಕೂತ್ರೆ ಆ ಮಸಿ 600ರ ಬದ್ಲು ಸುಮಾರು 450 ಡಿಗ್ರಿಗೇ ಹತ್ಕೊಳ್ಳತ್ತೆ, ಇದು ಸುಳ್ಳಲ್ಲ, ಫ್ರಾನ್ಸ್‌ನ ಪಿಯೂಜೋ 2000ದಲ್ಲಿ 607 ಕಾರಿಗೆ ಡಿಪಿಎಫ್ ಹಾಕಿದ್ದೇ ಸೀರಿಯಂ ಅಡಿಟಿವ್ ನಂಬ್ಕೊಂಡು. ಆದ್ರೆ ಆ ಕಾರಲ್ಲಿ ಅಡಿಟಿವ್‌ಗೆ ಬೇರೆ ಟ್ಯಾಂಕು, ಬೇರೆ ಪಂಪು, ಎಷ್ಟು ಬೀಳ್ಬೇಕು ಅಂತ ಲೆಕ್ಕ ಇಡೋಕೆ ಕಂಪ್ಯೂಟರು ಇತ್ತು, ಉಳಿಯೋ ಲೋಹದ ಬೂದಿ ತೆಗೆಯೋಕೆ ಇಷ್ಟು ಕಿಲೋಮೀಟರ್‌ಗೆ ಸರ್ವಿಸ್ ಅಂತ ಇತ್ತು. ಲೇಪ ಇರೋ ಡಿಪಿಎಫ್‌ನ ನಮ್ಮ ಗಾಡಿಗೆ ಅದನ್ನ ಅಂದಾಜಲ್ಲಿ ಮುಚ್ಚಳ ಲೆಕ್ಕದಲ್ಲಿ ಸುರಿದ್ರೆ ಇವತ್ತು ಮಸಿ ಕಮ್ಮಿ ಆದ ಹಾಗೆ ಕಂಡ್ರೂ ನಾಳೆ ಬೂದಿ ಕಟ್ಟೋದು ಗ್ಯಾರಂಟಿ.

ಹೊಂಗೆ ಎಣ್ಣೆ ಬಗ್ಗೆ ಕೇಳೋರು ಇದಾರೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್ಸಿಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೇಲಿ ಜನರೇಟರ್ ಓಡಿಸಿ ತೋರ್ಸಿದ್ದು ನಮಗೆಲ್ಲಾ ಹೆಮ್ಮೆ, ಆದ್ರೆ ಅದು ಹಳೇ ಮಾದರಿ ಪಂಪಿನ ಇಂಜಿನ್ನು. ಗಾಣದಿಂದ ತಂದ ಎಣ್ಣೇನ ಕಾಮನ್ ರೈಲ್‌ಗೆ ಹಾಕಿದ್ರೆ ಅದರ ದಪ್ಪಕ್ಕೆ ಇಂಜೆಕ್ಟರ್ ಕಟ್ಕೊಳ್ಳತ್ತೆ, ಮನೇಲೇ ಕಾಸ್ಟಿಕ್ ಹಾಕಿ ಮಾಡಿದ ಬಯೋಡೀಸೆಲ್‌ನಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಳಿದಿದ್ರೆ ಅದು ಕ್ಯಾಟಲಿಸ್ಟ್‌ಗೆ ವಿಷ. ಬೇಕೇ ಬೇಕು ಅಂದ್ರೆ ಟೆಸ್ಟ್ ಆದ ಬಯೋಡೀಸೆಲ್, ಗಾಡಿ ಕಂಪನಿ ಒಪ್ಪಿದ ಪ್ರಮಾಣದಲ್ಲಿ.

ಯೂರಿಯಾ ಫಾಲ್ಟು

ಇಲ್ಲಿ ಆಗೋ ತಪ್ಪಿಗೆ ನನಗೆ ಬಹಳ ಬೇಜಾರಾಗತ್ತೆ, ಯಾಕಂದ್ರೆ ಪೂರ್ತಿ ತಪ್ಪಿಸ್ಬಹುದು. ಗಾಡಿಯ ಯೂರಿಯಾ ಟ್ಯಾಂಕಿಗೆ ಹಾಕೋ ಡಿಇಎಫ್ ಅಂದ್ರೆ 32.5% ಶುದ್ಧ ಯೂರಿಯಾ, ಮಿಕ್ಕಿದ್ದು ಖನಿಜ ತೆಗೆದ ನೀರು, ಐಎಸ್‌ಒ 22241 ಅಂತ ಕ್ಯಾನ್ ಮೇಲೆ ಇರ್ಬೇಕು. ಹೊಲಕ್ಕೆ ಹಾಕೋ ಯೂರಿಯಾನ ಬೋರ್‌ವೆಲ್ ನೀರಲ್ಲಿ ಕದಡಿ ಟ್ಯಾಂಕಿಗೆ ಹಾಕಿದವರನ್ನ ನೋಡಿದೀನಿ. ರೈತರ ಯೂರಿಯಾಕ್ಕೆ 2015ರಿಂದ ಪೂರ್ತಿ ಬೇವಿನ ಎಣ್ಣೆ ಲೇಪ ಇದೆ, ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ ಇದೆ, ಮೊದ್ಲು ಪಂಪಿನ ಫಿಲ್ಟರ್ ಕಟ್ಟತ್ತೆ, ಆಮೇಲೆ ಯೂರಿಯಾ ಚಿಮುಕಿಸೋ ಡೋಸಿಂಗ್ ನಾಝಲ್, ಕೊನೆಗೆ ಎಸ್‌ಸಿಆರ್. ಸಬ್ಸಿಡಿ ಯೂರಿಯಾನ ಹೀಗೆ ಬಳಸೋದು ಕಾನೂನು ಪ್ರಕಾರನೂ ತಪ್ಪು, ಬೆಳೆಗೆ ಸಿಗ್ದೆ ಸೊಸೈಟಿ ಮುಂದೆ ಸಾಲು ನಿಂತ ರೈತನ ಪಾಲು ಅದು.

ಪಿ207ಎಫ್ ಬಂದ್ರೆ ಯೂರಿಯಾ ಕ್ವಾಲಿಟಿ, ಪಿ20ಇಇ ಬಂದ್ರೆ ಎಸ್‌ಸಿಆರ್ ನಾಕ್ಸ್ ಕಮ್ಮಿ ಮಾಡ್ತಿಲ್ಲ ಅಂತ. ಎರಡಕ್ಕೂ ಮೊದ್ಲು ಟ್ಯಾಂಕಿಂದ ಒಂದು ಲೋಟ ತೆಗೆದು ಬೆಳಕಿಗೆ ಹಿಡಿರಿ, ನೀರಿನಷ್ಟು ತಿಳಿ ಇರ್ಬೇಕು. ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಇದ್ರೆ ಯಾರೋ ಡೀಸೆಲ್ ತಾಗಿದ ಫನಲ್ ಹಾಕಿದಾರೆ, ರಬ್ಬರ್ ಸೀಲ್‌ಗಳೆಲ್ಲಾ ಊದತ್ತೆ, ಟ್ಯಾಂಕ್ ಪೂರ್ತಿ ಖಾಲಿ ಮಾಡ್ಲೇಬೇಕು. ಆಮೇಲೆ ಡಿಇಎಫ್‌ಗೆ ಅಂತಲೇ ಬರೋ ರಿಫ್ರಾಕ್ಟೋಮೀಟರ್‌ನಲ್ಲಿ (ಯೂರಿಯಾ ಎಷ್ಟು ಪಾಲು ಇದೆ ಅಂತ ತೋರ್ಸೋ ಸಾಧನ) ಒಂದು ಹನಿ ಹಾಕಿ 32.5 ಹತ್ರ ಇದ್ಯಾ ನೋಡಿ. ಕ್ಯಾನ್ ಎಲ್ಲಿಟ್ಟಿದ್ರಿ ಅಂತಲೂ ಕೇಳಿ, 30 ಡಿಗ್ರಿಯಲ್ಲಿ ಒಂದು ವರ್ಷ ಬಾಳೋ ಡಿಇಎಫ್ 35ರಲ್ಲಿ ಆರೇ ತಿಂಗಳು, ಬಳ್ಳಾರಿ ರಾಯಚೂರು ಬಿಸಿಲಲ್ಲಿ ತಗಡಿನ ಶೆಡ್ ಒಳಗೆ ಅಂದ್ರೆ ಇನ್ನೂ ಕಮ್ಮಿ.

ಡಿಇಎಫ್ ಸರಿ ಇದ್ರೆ ಡೋಸಿಂಗ್ ನಾಝಲ್ ಬಿಚ್ಚಿ. ಬಾಯಿ ಸುತ್ತ ಕಲ್ಲುಸಕ್ಕರೆ ತರ ಬಿಳಿ ಹರಳು ಕಟ್ಟಿರತ್ತೆ, ಸೈಲೆನ್ಸರ್ ಬಿಸಿ ಸಾಲ್ದೇ ಇದ್ದಾಗ ಯೂರಿಯಾ ಪೂರ್ತಿ ಅಮೋನಿಯಾ ಆಗ್ದೆ ಹೀಗಾಗತ್ತೆ. ಸ್ಕ್ರೂಡ್ರೈವರ್‌ನಲ್ಲಿ ಕೆರೀಬೇಡಿ, ಬಿಸಿ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಟ್ರೆ ಹೊಸ ಹರಳು ತಾನೇ ಕರಗತ್ತೆ, ಹಳೇದು ಗಟ್ಟಿ ಆಗಿರತ್ತೆ, ನೀರಿಗೆ ಜಗ್ಗಲ್ಲ, ಅದಕ್ಕೆ ಜೋರು ಶಾಖವೇ ಬೇಕು. ನಾಝಲ್ ವಾಪಸ್ ಹಾಕೋ ಮುಂಚೆ ಅಳತೆ ಜಾಡಿ ಒಳಗಿಟ್ಟು ಸ್ಕ್ಯಾನರ್‌ನಿಂದ ಡೋಸಿಂಗ್ ಟೆಸ್ಟ್ ಮಾಡಿ, ಹೇಳಿದಷ್ಟು ಬೀಳ್ತಿದ್ಯಾ, ಮಂಜಿನ ಹಾಗೆ ಚದುರ್ತಿದ್ಯಾ ಇಲ್ಲ ನಲ್ಲಿ ತೊಟ್ಟಿಕ್ಕಿದ ಹಾಗೆ ತೊಟ್ಟಿಕ್ತಿದ್ಯಾ ನೋಡಿ. ಡ್ರೈವರ್ ಲೆಕ್ಕದಲ್ಲೂ ಇದು ಸಿಗತ್ತೆ, ಲಾರಿಗೆ 100 ಲೀಟರ್ ಡೀಸೆಲ್‌ಗೆ ಸುಮಾರು 3ರಿಂದ 5 ಲೀಟರ್ ಡಿಇಎಫ್ ಖರ್ಚಾಗ್ಬೇಕು, ತಿಂಗಳಿಂದ ಕ್ಯಾನೇ ತಗೊಂಡಿಲ್ಲ ಅಂದ್ರೆ ಉಳಿತಾಯ ಅಲ್ಲ, ಎಲ್ಲೋ ಕಟ್ಟಿದೆ.

ನಾಕ್ಸ್ ಸೆನ್ಸಾರ್ ಎರಡಿರತ್ತೆ, ಎಸ್‌ಸಿಆರ್‌ಗೆ ಹಿಂದೊಂದು ಮುಂದೊಂದು. ಗಾಡಿ ಚೆನ್ನಾಗಿ ಬಿಸಿ ಆದ್ಮೇಲೆ ಲೋಡಲ್ಲಿ ಓಡಿಸ್ತಾ ನೋಡಿದ್ರೆ ಎಸ್‌ಸಿಆರ್ ದಾಟಿದ ಮೇಲಿನ ಸೆನ್ಸಾರ್ ರೀಡಿಂಗ್ ಬಹಳ ಕಮ್ಮಿ ಇರ್ಬೇಕು. ಎರಡೂ ಒಂದೇ ಇದ್ರೆ ಡೋಸಿಂಗ್ ಆಗ್ತಿಲ್ಲ ಅಥವಾ ಕ್ಯಾಟಲಿಸ್ಟ್ ಸತ್ತಿದೆ. ಒಂದು ಸೂಕ್ಷ್ಮ ಏನಂದ್ರೆ ಆ ಸೆನ್ಸಾರ್‌ಗೆ ಅಮೋನಿಯಾ ಬಂದ್ರೂ ನಾಕ್ಸ್ ತರನೇ ಕಾಣತ್ತೆ, ಯೂರಿಯಾ ಜಾಸ್ತಿ ಬೀಳ್ತಿದ್ರೂ ರೀಡಿಂಗ್ ಏರತ್ತೆ. ಸ್ಕ್ಯಾನರ್‌ನಲ್ಲಿ ಡೋಸಿಂಗ್ ಸ್ವಲ್ಪ ಹೊತ್ತು ನಿಲ್ಸಿ ನೋಡಿ, ನಿಲ್ಸಿದ ತಕ್ಷಣ ರೀಡಿಂಗ್ ಇಳಿದ್ರೆ ಬರ್ತಿದ್ದಿದ್ದು ಅಮೋನಿಯಾ. ಇದು ಗೊತ್ತಿಲ್ದೆ ಎಷ್ಟೋ ಒಳ್ಳೇ ಕ್ಯಾಟಲಿಸ್ಟ್ ಗುಜರಿಗೆ ಹೋಗಿದೆ.

ಎಲ್ಲಾ ಕಿತ್ತಾಕಿ ಕಂಪ್ಯೂಟರ್‌ಗೆ ಸುಳ್ಳು ಫೈಲ್ ಹಾಕಿಸಿ ಅನ್ನೋರಿಗೆ ನಾನು ಮಾಡಲ್ಲ ಅಂತ ನೇರ ಹೇಳಿ ಕಳಿಸ್ತೀನಿ. ಮೋಟಾರ್ ವಾಹನ ಕಾಯ್ದೆ 190(2)ರಲ್ಲಿ ಹೊಗೆ ನಿಯಮ ಮೀರಿದ್ರೆ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲಿಗೂ ಅವಕಾಶ ಇದೆ, ಆದ್ರೆ ನಾನು ಬೇಡ ಅನ್ನೋದು ದಂಡಕ್ಕೆ ಹೆದರಿ ಅಲ್ಲ. ಡೀಸೆಲ್ ಹೊಗೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2012ರಲ್ಲೇ ಅದನ್ನ ಮೊದಲ ಗುಂಪಿಗೆ (ಕ್ಯಾನ್ಸರ್ ತರೋದು ಖಚಿತ ಅನ್ನೋ ಗುಂಪು) ಸೇರಿಸಿದೆ. ಆ ಹೊಗೇನ ಎಲ್ಲರಿಗಿಂತ ಜಾಸ್ತಿ ಕುಡಿಯೋದು ಸೈಲೆನ್ಸರ್ ಪಕ್ಕ ದಿನಾ ಕೂರೋ ನಮ್ಮ ಗ್ಯಾರೇಜ್ ಹುಡುಗ್ರು, ಆಮೇಲೆ ಸ್ಕೂಲ್ ಬಸ್ ಹಿಂದೆ ಸೈಕಲ್ ತುಳಿಯೋ ಮಕ್ಕಳು. ಡಿಪಿಎಫ್ ಬೂದಿ ಊದಿಸೋವಾಗ ಹುಡುಗ್ರಿಗೆ ಒಳ್ಳೇ ಮಾಸ್ಕ್ ಕೊಡಿ, ಕರ್ಚೀಫ್ ಸಾಲಲ್ಲ.

ಆ ಟಿಪ್ಪರ್‌ಗೆ ಹೊಸ ಕ್ಲಿಪ್ ಹಾಕಿದ್ವಿ, ಏರ್ ಫಿಲ್ಟರ್ ಬದಲಾಯಿಸಿದ್ವಿ, ಬಯಲಲ್ಲಿ ನಿಲ್ಸಿ ಒಂದ್ಸಲ ರೀಜನರೇಶನ್ ಮಾಡ್ಸಿದ್ವಿ, ಕೋಡ್ ಕ್ಲಿಯರ್ ಮಾಡಿ ಲೋಡ್ ಹಾಕ್ಕೊಂಡು ಹೋಗಿ ಬಾ ಅಂತ ಕಳಿಸಿದ್ವಿ. ಮೂರು ವಾರ ಬಿಟ್ಟು ಬೇರೆ ಕೆಲ್ಸಕ್ಕೆ ಬಂದಾಗ ಡ್ರೈವರ್ ಜೇಬಿಂದ ಚೀಟಿ ತೆಗೆದ, ಬರೆದುಕೊಂಡಿದ್ದ, ಅಷ್ಟು ದಿನದಲ್ಲಿ ಗಾಡಿ ಒಂದ್ಸಲನೂ ನಿಲ್ಸು ಅಂತ ಕೇಳಿರ್ಲಿಲ್ಲ. ಬಿಳಿ ಬಟ್ಟೆ ಸುತ್ತಿ ಸೈಲೆನ್ಸರ್ ಬಾಯಿ ಒರೆಸಿದ್ವಿ, ಬಟ್ಟೆ ಮೇಲೆ ಬೂದು ಬಣ್ಣದ ಒಂದು ಗೆರೆ ಮಾತ್ರ ಬಂತು.